ಮುಚ್ಚಲೂ ಬೇಕು, ತೆರೆಯಲೂ ಬೇಕು

ನನ್ನ ಅತ್ತೆಯವರು ತೀರಿಕೊಂಡಾಗ ಬಿಟ್ಟುಹೋದ ವಸ್ತುಗಳು ಹೆಚ್ಚೇನೂ ಇರಲಿಲ್ಲ. ನಾಲ್ಕಾರು ಸೀರೆ, ಒಂದು ತಸ್ಬೀಹ್, ಮಕ್ಕಳ ಹಳೆಯ ಅಂಕಪಟ್ಟಿಗಳು. ಅಡುಗೆಮನೆಯ ಮೇಲಿನ ಹಲಗೆ ಒರೆಸುವಾಗ ಇನ್ನೊಂದು ವಸ್ತು ಸಿಕ್ಕಿತು: ಬಾಯಿಗೆ ಬಟ್ಟೆ ಕಟ್ಟಿದ ಪುಟ್ಟ ಸೀಸೆ. ಅದರಲ್ಲಿ ಒಲೆಯ ಬೂದಿಯೊಂದಿಗೆ ಬೆರೆಸಿಟ್ಟ ಬದನೆ ಬೀಜ. ಮೈಸೂರಿನ ಹಳೆಯ ಮನೆಗಳಲ್ಲಿ ರುಚಿಗೆ ಹೆಸರಾದ ಈರನಗೆರೆ ಬದನೆಯ ಬೀಜ. ಮದುವೆಯಾಗಿ ಬಂದ ಹೊಸದರಲ್ಲಿ ಅವರು ತಮ್ಮ ತಾಯಿಯ ಮನೆಯಿಂದ ತಂದು, ವರ್ಷ ವರ್ಷವೂ ಒಂದೆರಡು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು ಉಳಿಸಿಕೊಂಡು ಬಂದದ್ದು.

ಕಾಯಿಲೆ ಬಿದ್ದ ಕೊನೆಯ ಎರಡು ವರ್ಷ ಅವರಿಗೆ ತಾರಸಿ ಹತ್ತಲಾಗಲಿಲ್ಲ. ನನಗೆ ಶಾಲೆ, ಮನೆ, ಮಕ್ಕಳ ಪರೀಕ್ಷೆ. ಕುಂಡಗಳು ಬರಿದಾದವು. ಬದನೆ ಬೀಜ ಚೆನ್ನಾಗಿ ಒಣಗಿಸಿಟ್ಟರೆ ನಾಲ್ಕೈದು ವರ್ಷ ಜೀವ ಹಿಡಿದುಕೊಂಡಿರುತ್ತದೆ. ಅದಾದ ಮೇಲೆ ಮೊಳೆಯುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಅಂದರೆ ಆ ಸೀಸೆಯಲ್ಲಿದ್ದುದೇ ಕೊನೆಯ ಬೀಜ, ಉಳಿದಿದ್ದುದು ಕೊನೆಯ ಅವಧಿ.

ಅಕ್ಟೋಬರ್‌ನಲ್ಲಿ ಅರ್ಧ ಬೀಜವನ್ನು ಅಗಲವಾದ ಕುಂಡದಲ್ಲಿ ಬಿತ್ತಿದೆ. ಮೊಳಕೆ ಬಂದ ನಾಲ್ಕನೆಯ ಸಂಜೆ ಗುಡುಗು ಸಹಿತ ಮಳೆ ಸುರಿಯಿತು. ಬೆಳಿಗ್ಗೆ ನೋಡಿದರೆ ಮಣ್ಣು ಮೇಲೆದ್ದು ಎಳೆ ಸಸಿಗಳೆಲ್ಲ ಮಗುಚಿ ಬಿದ್ದಿದ್ದವು. ಅಳಿದುಳಿದ ನಾಲ್ಕನ್ನು ಅಳಿಲು ಮುಗಿಸಿತು. ಸೀಸೆಯಲ್ಲಿ ಇನ್ನು ಅರ್ಧ ಬೀಜ ಮಾತ್ರ ಇತ್ತು. ಇದನ್ನೂ ಕಳೆದುಕೊಂಡರೆ ಅತ್ತೆಯವರ ನಲವತ್ತು ವರ್ಷಗಳ ಜೋಪಾನಕ್ಕೆ ನನ್ನ ಕೈಯಲ್ಲಿ ಕೊನೆಯಾಗುತ್ತದೆಂಬ ಅಳುಕು ಕಾಡತೊಡಗಿತು. ಆಗ ನಾನು ಗಾಜಿನ ಮುಚ್ಚಳದ ಸಸಿ ಪೆಟ್ಟಿಗೆಯ ಬಗ್ಗೆ ಓದಿ, ಒಂದನ್ನು ಮಾಡಲು ಹೊರಟೆ.

ಏನಿದು ಸಸಿ ಪೆಟ್ಟಿಗೆ?

ತೋಟಗಾರಿಕೆಯ ಪುಸ್ತಕಗಳಲ್ಲಿ ಇದನ್ನು ‘ಕೋಲ್ಡ್ ಫ್ರೇಮ್’ ಎನ್ನುತ್ತಾರೆ. ಹೆಸರು ದೊಡ್ಡದು, ವಸ್ತು ಸರಳ. ತಳವಿಲ್ಲದ ಒಂದು ಪೆಟ್ಟಿಗೆ, ಮೇಲೆ ಓರೆಯಾಗಿ ಕೂರುವ ಗಾಜಿನ ಮುಚ್ಚಳ. ಅಷ್ಟೇ. ಬೆಂಕಿಯಿಲ್ಲ, ವಿದ್ಯುತ್ತಿಲ್ಲ. ಬಿಸಿಲು ಗಾಜಿನ ಮೂಲಕ ಒಳಗಿಳಿದು ಮಣ್ಣನ್ನು ಬೆಚ್ಚಗಾಗಿಸುತ್ತದೆ. ಮಣ್ಣಿನಿಂದ ಕಾದ ಗಾಳಿ ಮೇಲೇರಿ ಹೊರಗೆ ಹೋಗದಂತೆ ಮುಚ್ಚಳ ತಡೆಯುತ್ತದೆ. ಹಗಲು ಕೂಡಿಟ್ಟ ಈ ಶಾಖ ರಾತ್ರಿ ನಿಧಾನವಾಗಿ ಸಸಿಗಳಿಗೆ ಸಿಗುತ್ತದೆ.

ಉಪಾಯ ಹೊಸದಲ್ಲ. ರೋಮ್‌ನ ಚಕ್ರವರ್ತಿ ಟೈಬೀರಿಯಸ್‌ಗಾಗಿ ಚಕ್ರವಿರುವ ಮಡಿಗಳಲ್ಲಿ ಸೌತೆ ಬೆಳೆಸಿ, ಚಳಿಗಾಲದಲ್ಲಿ ಬೆಳಕು ಹಾಯುವ ತೆಳುಗಲ್ಲಿನ ಹಲಗೆ ಮುಚ್ಚುತ್ತಿದ್ದರೆಂದು ಪ್ಲಿನಿ ಎಂಬ ಪ್ರಾಚೀನ ಲೇಖಕ ಬರೆದಿಟ್ಟಿದ್ದಾನೆ. ಯುರೋಪಿನ ಮನೆಗಳಲ್ಲಿ ಇಂದಿಗೂ ಹಿಮ ಬೀಳುವ ಕಾಲದಲ್ಲಿ ಸೊಪ್ಪು ತರಕಾರಿಗಳನ್ನು ಉಳಿಸಿಕೊಳ್ಳುವುದು ಇಂತಹ ಪೆಟ್ಟಿಗೆಗಳಲ್ಲಿಯೇ.

ಮೈಸೂರಿಗೆ ಇದರ ಅಗತ್ಯವೇನು?

ನಮ್ಮೂರಿನಲ್ಲಿ ಹಿಮ ಬೀಳುವುದಿಲ್ಲ. ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಡುವುದನ್ನು ನೋಡಬೇಕಾದರೆ ಸುಮಾರು 125 ಕಿ.ಮೀ. ದೂರದ ಊಟಿಗೆ ಡಿಸೆಂಬರ್-ಜನವರಿಯಲ್ಲಿ ಹೋಗಬೇಕು. ಹಾಗಾದರೆ ನಮಗೇಕೆ ಈ ಪೆಟ್ಟಿಗೆ?

ಕಾರಣಗಳು ಮೂರು. ಮೊದಲನೆಯದು ಚಳಿ. ಜನವರಿಯಲ್ಲಿ ಮೈಸೂರಿನ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಇದು ಬೆಳೆದ ಗಿಡವನ್ನು ಕೊಲ್ಲುವ ಚಳಿಯಲ್ಲ. ಆದರೆ ಬದನೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿಯ ಬೀಜಗಳು ಚೆನ್ನಾಗಿ ಮೊಳೆಯಲು ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು. ತಂಪು ಮಣ್ಣಿನಲ್ಲಿ ಅವು ವಾರಗಟ್ಟಲೆ ಸುಮ್ಮನೆ ಮಲಗಿರುತ್ತವೆ, ಎಷ್ಟೋ ಕೊಳೆಯುತ್ತವೆ.

ಎರಡನೆಯದು ಮಳೆ. ಮೈಸೂರಿನಲ್ಲಿ ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆ ಮಳೆಯ ಹೊಡೆತ ಎಂಥದ್ದೆಂದು ತಾರಸಿಯಲ್ಲಿ ಬಟ್ಟೆ ಒಣಹಾಕುವ ನಮಗೆಲ್ಲ ಗೊತ್ತು. ಎರಡೆಲೆಯ ಸಸಿಗೆ ಆ ದಪ್ಪ ಹನಿಯೇ ಕಲ್ಲಿನೇಟು. ಮೂರನೆಯದು ಅಳಿಲು, ಇಲಿ, ಪಾರಿವಾಳ, ಮಣ್ಣು ಕೆದಕುವ ಬೆಕ್ಕು ಮತ್ತು ಅಕ್ಕಪಕ್ಕದ ಕೋಳಿ. ಮುಚ್ಚಳವೊಂದಿದ್ದರೆ ಇವೆಲ್ಲದರ ಕಾಟ ತಪ್ಪುತ್ತದೆ.

ಮಾಡಿಕೊಳ್ಳುವ ಬಗೆ

ಗುಜರಿ ಅಂಗಡಿಯಲ್ಲಿ ಕಟ್ಟಡ ಕೆಡವಿದಾಗ ಬಂದ ಹಳೆಯ ಗಾಜಿನ ಕಿಟಕಿ ಬಾಗಿಲು ಸಿಗುತ್ತದೆ. ಎರಡಡಿ ಅಗಲ, ಮೂರಡಿ ಉದ್ದದ್ದು ಸಾಕು. ಪೆಟ್ಟಿಗೆಯನ್ನು ಕಿಟಕಿಯ ಅಳತೆಗೆ ಹೊಂದಿಸಿಕೊಳ್ಳಿ, ಕಿಟಕಿಯನ್ನು ಪೆಟ್ಟಿಗೆಯ ಅಳತೆಗೆ ಕತ್ತರಿಸಲು ಹೋಗಬೇಡಿ. ಅಂಗಳದಲ್ಲಿ ಜಾಗವಿದ್ದರೆ ಸಿಮೆಂಟ್ ಬೇಡ, ಇಟ್ಟಿಗೆಯನ್ನು ಹಾಗೆಯೇ ಜೋಡಿಸಿ. ಹಿಂದಿನ ಗೋಡೆ ಆರು ವರಸೆ, ಮುಂದಿನದು ನಾಲ್ಕು ವರಸೆ. ಮೂರಂಗುಲ ದಪ್ಪದ ಇಟ್ಟಿಗೆಯಾದರೆ ಹಿಂದೆ ಒಂದೂವರೆ ಅಡಿ, ಮುಂದೆ ಒಂದಡಿ ಎತ್ತರವಾಗುತ್ತದೆ. ಪಕ್ಕದ ಗೋಡೆಗಳ ಓರೆ ಸಂದಿಯನ್ನು ಮಣ್ಣಿನಿಂದ ಮೆತ್ತಿದರಾಯಿತು. ಈ ಇಳಿಜಾರಿನಿಂದ ಮಳೆನೀರು ಗಾಜಿನ ಮೇಲೆ ನಿಲ್ಲದೆ ಹರಿದುಹೋಗುತ್ತದೆ, ಚಳಿಗಾಲದ ಓರೆ ಬಿಸಿಲೂ ಚೆನ್ನಾಗಿ ಬೀಳುತ್ತದೆ.

ಮುಂಭಾಗ ದಕ್ಷಿಣಕ್ಕಿರಲಿ. ದಿಕ್ಕು ತಿಳಿಯುವುದು ನಮ್ಮ ಮನೆಗಳಲ್ಲಿ ಕಷ್ಟವಲ್ಲ. ಕಿಬ್ಲಾದ ಕಡೆಗೆ ಮುಖ ಮಾಡಿ ನಿಂತರೆ ಎಡಗೈ ಸುಮಾರಾಗಿ ದಕ್ಷಿಣ. ಚಳಿಗಾಲದಲ್ಲಿ ಮಧ್ಯಾಹ್ನದ ಸೂರ್ಯ ಆ ಕಡೆಗೆ ಓರೆಯಾಗಿರುತ್ತಾನೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ಮೈಸೂರಿನಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ವಾಲಿರುತ್ತಾನೆ. ಆದ್ದರಿಂದ ದಕ್ಷಿಣದ ಜಾಗ ಸಿಗದಿದ್ದರೆ ಚಿಂತೆ ಬೇಡ. ಬೆಳಗಿನ ಬಿಸಿಲು ಬೀಳುವ ಪೂರ್ವ ದಿಕ್ಕಾದರೂ ಆದೀತು.

ಬಾಡಿಗೆ ಮನೆಯವರಿಗೆ, ತಾರಸಿಯಲ್ಲಿ ಭಾರ ಹೇರಬಾರದವರಿಗೆ ಇನ್ನೊಂದು ದಾರಿಯಿದೆ. ಮೀನು, ದ್ರಾಕ್ಷಿ ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಳೆದು ಬಿಸಿಲಲ್ಲಿ ಒಣಗಿಸಿ. ತಳಕ್ಕೆ ಏಳೆಂಟು ತೂತು ಮಾಡಿ. ಮೇಲಂಚನ್ನು ಹಿಂದೆ ಎತ್ತರ, ಮುಂದೆ ತಗ್ಗು ಬರುವಂತೆ ಕತ್ತರಿಸಿ. ನಾಲ್ಕು ಮರದ ಪಟ್ಟಿಗೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದರೆ ಅದೇ ಮುಚ್ಚಳ. ಚಿಕ್ಕ ಮಕ್ಕಳಿರುವ ಮನೆಗೆ ಗಾಜಿಗಿಂತ ಇದೇ ಕ್ಷೇಮ. ಗಾಜಿನದಾದರೆ ಗಾಳಿಗೆ ಎತ್ತಿ ಬಡಿಯದಂತೆ ಹಗ್ಗ ಕಟ್ಟಿ ಕೊಕ್ಕೆಗೆ ಸಿಕ್ಕಿಸಿಡಿ.

ಮಣ್ಣಿಗೆ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ. ಹಸಿ ಸಗಣಿ ಖಂಡಿತ ಬೇಡ. ಬೀಜವನ್ನು ಅದರ ದಪ್ಪದ ಎರಡರಷ್ಟು ಆಳದಲ್ಲಿ, ಸಾಲಾಗಿ, ತೆಳುವಾಗಿ ಬಿತ್ತಿ. ಒತ್ತೊತ್ತಾಗಿ ಬಿತ್ತಿದರೆ ಗಾಳಿಯಾಡದೆ ಸಸಿಗಳು ಸೊರಗುತ್ತವೆ.

ನಾನು ಮಾಡಿದ ತಪ್ಪು

ಜನವರಿ ಮೊದಲ ವಾರ ಉಳಿದ ಬೀಜವನ್ನೆಲ್ಲ ಪೆಟ್ಟಿಗೆಯಲ್ಲಿ ಬಿತ್ತಿದೆ. ಒಂಬತ್ತನೆಯ ದಿನ ಹಸಿರು ಕಾಣಿಸಿತು. ಎಣಿಸಿದರೆ ನಲವತ್ತಕ್ಕೂ ಹೆಚ್ಚು. ಬೆಳಿಗ್ಗೆ ಗಾಜಿನ ಒಳಮೈಗೆ ಹನಿ ಕಟ್ಟಿರುವುದನ್ನು ನೋಡುವುದೇ ಒಂದು ಸಂತೋಷ. ಮಳೆಯ ಹೆದರಿಕೆಯಿಲ್ಲ, ಅಳಿಲಿನ ಹೆದರಿಕೆಯಿಲ್ಲ. ಇಷ್ಟು ಭದ್ರವಾಗಿ ಮುಚ್ಚಿಟ್ಟ ಮೇಲೆ ಇನ್ನೇನು ಎಂದುಕೊಂಡೆ.

ಒಂದು ದಿನ ಬೆಳಿಗ್ಗೆ ದಟ್ಟ ಮಂಜು ಕವಿದಿತ್ತು. ಚಳಿಗೆ ತೆರೆಯುವುದು ಬೇಡವೆಂದು ಮುಚ್ಚಳ ಹಾಕಿಯೇ ಶಾಲೆಗೆ ಹೋದೆ. ಹತ್ತು ಗಂಟೆಯ ಹೊತ್ತಿಗೆ ಮಂಜು ಕರಗಿ ಚುರುಕು ಬಿಸಿಲು ಬಂತು. ಸಂಜೆ ಬಂದು ಮುಚ್ಚಳ ಎತ್ತಿದಾಗ ಮುಖಕ್ಕೆ ಹಬೆ ಬಡಿಯಿತು. ಸಸಿಗಳು ಬಿಸಿನೀರಿಗೆ ಹಾಕಿ ತೆಗೆದ ಸೊಪ್ಪಿನಂತೆ ಮಲಗಿದ್ದವು. ಹೊರಗೆ 28 ಡಿಗ್ರಿಯಷ್ಟೇ ಇದ್ದರೂ ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿಲಿಗೆ 40 ದಾಟುತ್ತದೆ ಎಂಬುದನ್ನು ನಾನು ಓದಿದ್ದೆ, ಆದರೆ ಮನಸ್ಸಿಗೆ ತೆಗೆದುಕೊಂಡಿರಲಿಲ್ಲ. ನೀರಿನ ತೊಟ್ಟಿಯ ನೆರಳು ಬೀಳುತ್ತಿದ್ದ ಮೂಲೆಯಲ್ಲಿ ಒಂಬತ್ತು ಸಸಿ ಮಾತ್ರ ತಲೆಯೆತ್ತಿಕೊಂಡಿದ್ದವು.

ಮಳೆ ನಾಶ ಮಾಡಿದಾಗ ಆಗದಷ್ಟು ನೋವು ಅಂದು ಆಯಿತು. ಮಳೆ ನನ್ನ ಕೈಯಲ್ಲಿಲ್ಲ. ಮುಚ್ಚಳ ನನ್ನ ಕೈಯಲ್ಲೇ ಇತ್ತು. ಶತ್ರುಗಳಿಂದ ಕಾಪಾಡಲೆಂದು ಮಾಡಿದ ಪೆಟ್ಟಿಗೆಯಲ್ಲೇ ಅವು ಬೆಂದುಹೋಗಿದ್ದವು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಕಟ್ಟಿದ ಒಂಟೆಗೆ ನೀರು, ಮೇವು ಕೊಡುವುದೂ ಕಟ್ಟಿದವರ ಹೊಣೆಯೇ ಅಲ್ಲವೇ?

ತೆರೆಯುವ ಲೆಕ್ಕ

ಅಂದಿನಿಂದ ಒಂದು ಲೆಕ್ಕ ಇಟ್ಟುಕೊಂಡೆ. ಇದಕ್ಕೆ ಬೇಕಾದ್ದು ಒಂದೇ ಒಂದು ಬಿಡಿ ಇಟ್ಟಿಗೆ. ಇಟ್ಟಿಗೆಗೆ ಮೂರು ಅಳತೆ: ಅಂಗಾತ ಮಲಗಿಸಿದರೆ ಮೂರಂಗುಲ, ಮಗ್ಗುಲಾಗಿ ಇಟ್ಟರೆ ನಾಲ್ಕೂವರೆ, ನಿಲ್ಲಿಸಿದರೆ ಒಂಬತ್ತು. ಮುಚ್ಚಳದ ಮುಂದಂಚಿಗೆ ಅದನ್ನೇ ಊರೆ ಕೊಡುವುದು.

ಫಜ್ರ್ ನಮಾಝಿನ ನಂತರ ಒಮ್ಮೆ ನೋಡಿ ಬರುವುದು, ಆಗ ತೆರೆಯುವುದು ಬೇಡ. ಎಂಟು ಗಂಟೆಗೆ ಮಂಜಿರಲಿ, ಮೋಡವಿರಲಿ, ಇಟ್ಟಿಗೆಯನ್ನು ಮಲಗಿಸಿ ಮೂರಂಗುಲ ತೆರೆಯುವುದು. ಬಿಸಿಲೇರುವ ದಿನವಾದರೆ, ಮನೆಯಲ್ಲಿ ಯಾರೂ ಇರುವುದಿಲ್ಲವಾದರೆ, ಬೆಳಿಗ್ಗೆಯೇ ನಿಲ್ಲಿಸಿ ಒಂಬತ್ತಂಗುಲ ತೆರೆದೇ ಹೋಗುವುದು. ತೆರೆದ ಬಾಯಿಗೆ ಸೊಳ್ಳೆ ಪರದೆಯ ತುಂಡೊಂದನ್ನು ಇಳಿಬಿಟ್ಟರೆ ಅಳಿಲು ನುಗ್ಗುವುದಿಲ್ಲ. ಸ್ವಲ್ಪ ಚಳಿ ತಾಗಿದರೆ ಸಸಿ ನಿಧಾನವಾಗುತ್ತದೆ, ಸಾಯುವುದಿಲ್ಲ. ಒಂದು ಮಧ್ಯಾಹ್ನದ ಸೆಕೆಗೆ ಸಾಯುತ್ತದೆ. ಅನುಮಾನವಿದ್ದಾಗ ತೆರೆದಿಡುವುದೇ ಲೇಸು.

ಅಸ್ರ್ ನಮಾಝಿನ ಹೊತ್ತಿಗೆ, ಬಿಸಿಲು ಇನ್ನೂ ಇರುವಾಗಲೇ ಮುಚ್ಚಬೇಕು. ಮಗ್ರಿಬ್ ಆದ ಮೇಲೆ ಮುಚ್ಚಿದರೆ ಕೂಡಿಡಲು ಶಾಖವೇ ಉಳಿದಿರುವುದಿಲ್ಲ. ನಾಲ್ಕು ಕಾಸಿನ ಥರ್ಮಾಮೀಟರ್ ಒಂದನ್ನು ಒಳಗೆ ನೆರಳಿನಲ್ಲಿ ತೂಗುಹಾಕಿದರೆ ಇನ್ನೂ ಒಳ್ಳೆಯದು. 30 ದಾಟಿತೆಂದರೆ ಇಟ್ಟಿಗೆ ಒಂದು ಮೆಟ್ಟಿಲು ಮೇಲೇರಲಿ.

ನೀರು ಬೆಳಿಗ್ಗೆ ಮಾತ್ರ. ಸಂಜೆ ನೀರು ಹಾಕಿ ಮುಚ್ಚಿದರೆ ರಾತ್ರಿಯೆಲ್ಲ ಥಂಡಿ ನಿಂತು ಸಸಿಗಳ ಬುಡ ಮೆತ್ತಗಾಗಿ ದಾರದಂತೆ ಸಣ್ಣಗಾಗುತ್ತದೆ, ಸಸಿ ನಿಂತಲ್ಲೇ ಮಗುಚುತ್ತದೆ. ಇದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ಸಸಿ ಕೊಳೆ ರೋಗ. ಬಂದ ಮೇಲೆ ಔಷಧಿಗಿಂತ ಬರದಂತೆ ನೋಡಿಕೊಳ್ಳುವುದೇ ದಾರಿ: ತೆಳು ಬಿತ್ತನೆ, ಗಾಳಿ, ಮಿತವಾದ ನೀರು. ಬಿತ್ತುವ ಮೊದಲು ಮಣ್ಣಿಗೆ ಟ್ರೈಕೋಡರ್ಮಾ ಪುಡಿ ಬೆರೆಸುವುದೂ ಒಳ್ಳೆಯದು, ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ವುಝೂ ಮಾಡಿದ ನೀರು ಬಕೆಟ್ಟಿಗೆ ಬಿದ್ದು ಗಿಡಗಳಿಗೆ ಹೋಗುತ್ತದೆ. ಸಾಬೂನು ಸೇರದ ಆ ನೀರು ಚರಂಡಿ ಸೇರುವುದೇಕೆ?

ಹೊರಗಿನ ಗಾಳಿಗೆ ಒಗ್ಗಿಸುವುದು

ಬದನೆ, ಟೊಮೆಟೊ, ಮೆಣಸಿನ ಸಸಿ ನಾಲ್ಕೈದು ವಾರಕ್ಕೆ ನಾಟಿಗೆ ಬರುತ್ತದೆ. ಆದರೆ ಪೆಟ್ಟಿಗೆಯಿಂದ ನೇರವಾಗಿ ಬಯಲಿಗೆ ತಂದರೆ ಬಾಡಿಹೋಗುತ್ತದೆ. ಗಾಜಿನಡಿ ಬೆಳೆದ ಎಲೆ ತೆಳು, ಕಾಂಡ ಮೃದು. ಅದು ಗಾಳಿಯನ್ನೇ ಕಂಡಿಲ್ಲ. ಆದ್ದರಿಂದ ಕೊನೆಯ ಏಳರಿಂದ ಹತ್ತು ದಿನ ತರಬೇತಿ ಕೊಡಬೇಕು. ಮೊದಲ ಮೂರು ದಿನ ಬೆಳಿಗ್ಗೆ ಎರಡು ಮೂರು ಗಂಟೆ ಮುಚ್ಚಳ ಪೂರ್ತಿ ತೆಗೆಯಿರಿ. ಮುಂದಿನ ಮೂರು ದಿನ ಹಗಲೆಲ್ಲ ತೆಗೆಯಿರಿ. ಆಮೇಲೆ ರಾತ್ರಿಯೂ ತೆರೆದಿಡಿ. ನೀರನ್ನೂ ಕೊಂಚ ಕಡಿಮೆ ಮಾಡಿ. ಎಲೆ ದಪ್ಪವಾಗಿ, ಬಣ್ಣ ಗಾಢವಾಗಿ, ಕಾಂಡ ಬಿರುಸಾಗುವುದು ಕಣ್ಣಿಗೇ ಕಾಣುತ್ತದೆ. ನಂತರ ಸಂಜೆಯ ತಂಪಿನಲ್ಲಿ ನಾಟಿ ಮಾಡಿ.

ವರ್ಷವಿಡೀ ಉಪಯೋಗ

ಮಳೆಗಾಲದಲ್ಲಿ ಇದೇ ಮುಚ್ಚಳ ಕೊಡೆಯಾಗುತ್ತದೆ. ಆಗ ಎರಡೂ ಪಕ್ಕದಿಂದ ಒಂದೊಂದು ಇಟ್ಟಿಗೆ ತೆಗೆದು ಗಾಳಿ ಹಾಯಲು ಬಿಡಿ. ಮಾರ್ಚ್‌ನಿಂದ ಮೇವರೆಗೆ, ಬಿಸಿಲು 34-35 ಡಿಗ್ರಿಗೇರುವಾಗ, ಗಾಜನ್ನು ಎತ್ತಿಟ್ಟು ನೆರಳು ಬಲೆಯನ್ನೋ ತೆಳುವಾದ ಹಳೆಯ ದುಪಟ್ಟಾವನ್ನೋ ಕಟ್ಟಿ.

ಗುಲಾಬಿ, ಮಲ್ಲಿಗೆ, ದಾಸವಾಳ, ಪುದೀನದ ಕಡ್ಡಿ ಬೇರೂರಿಸಲೂ ಪೆಟ್ಟಿಗೆ ಬಹಳ ಅನುಕೂಲ. ಇಲ್ಲಿ ಮಾತ್ರ ಲೆಕ್ಕ ಬೇರೆ. ಕಡ್ಡಿಗೆ ಬೇರಿಲ್ಲ, ಎಲೆಯಿಂದ ನೀರು ಆರಿದರೆ ತುಂಬಿಕೊಳ್ಳಲು ದಾರಿಯಿಲ್ಲ. ಹಾಗಾಗಿ ಪೆಟ್ಟಿಗೆಯನ್ನು ನೇರ ಬಿಸಿಲು ಬೀಳದ ನೆರಳಿನಲ್ಲಿಟ್ಟು ಮುಚ್ಚಿಡಬೇಕು, ದಿನಕ್ಕೊಮ್ಮೆ ಗಾಳಿಯಾಡಿಸಿದರೆ ಸಾಕು. ಹೊಸ ಚಿಗುರು ಬಂದಂತೆಲ್ಲ ತೆರೆಯುವುದನ್ನು ಹೆಚ್ಚಿಸಬೇಕು.

ಮುಚ್ಚಿದ ಗಾಜಿನೊಳಗಿನ ತೇವದಲ್ಲಿ ಸಸ್ಯ ಬದುಕುತ್ತದೆಂಬುದನ್ನು 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಅಕಸ್ಮಾತ್ತಾಗಿ ಗಮನಿಸಿದ. ಪತಂಗದ ಕೋಶವನ್ನಿಟ್ಟು ಮುಚ್ಚಿದ್ದ ಸೀಸೆಯಲ್ಲಿ ಜರಿಗಿಡ ಮೊಳೆತಿತ್ತು. ಅವನು ಮಾಡಿಸಿದ ಗಾಜಿನ ಪೆಟ್ಟಿಗೆಗಳು ಹಡಗೇರಿ ಸಮುದ್ರದ ಉಪ್ಪು ಗಾಳಿಯಿಂದ ಸಸಿಗಳನ್ನು ಕಾಪಾಡಿದವು. ಚೀನಾದ ಚಹಾ ಗಿಡಗಳು ಭಾರತಕ್ಕೆ ಬಂದದ್ದು ಇಂತಹ ಪೆಟ್ಟಿಗೆಗಳಲ್ಲಿ. 1860ರ ದಶಕದಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿ, ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಕೊಡುವ ಸಿಂಕೋನಾ ತೋಟಗಳು ಎದ್ದ ಕಥೆಯಲ್ಲೂ ಈ ಗಾಜಿನ ಪೆಟ್ಟಿಗೆಗೆ ಪಾಲಿದೆ.

ನಮ್ಮ ಹಿರಿಯರ ತೋಟಗಳು

ತೋಟ ಬೆಳೆಸುವುದು ನಮಗೆ ಪರಕೀಯ ವಿದ್ಯೆಯಲ್ಲ. 12ನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಬರೆದ ‘ಕಿತಾಬುಲ್ ಫಿಲಾಹ’ 585 ಸಸ್ಯಗಳ ಬಗ್ಗೆ, ಮಣ್ಣು, ಗೊಬ್ಬರ, ನೀರು, ಕಸಿಯ ಬಗ್ಗೆ ವಿವರ ಕೊಡುತ್ತದೆ. ಹೈದರ್ ಅಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದರು. ಟಿಪ್ಪು ಸುಲ್ತಾನರು ದೂರದೂರದ ದೇಶಗಳಿಂದ ಗಿಡ, ಬೀಜ ತರಿಸಿ ಅದನ್ನು ಬೆಳೆಸಿದರು. ತಂದೆ ಮಗ ಇಬ್ಬರೂ ಮಲಗಿರುವ ಶ್ರೀರಂಗಪಟ್ಟಣದ ಗುಂಬಜ್ ಇರುವುದೂ ಗಂಜಾಮಿನ ಲಾಲ್‌ಬಾಗ್ ಎಂಬ ತೋಟದಲ್ಲಿಯೇ. ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಕನ್ನಂಬಾಡಿಯ ಬೃಂದಾವನ ಉದ್ಯಾನವನ್ನು ಮಾಡಿಸಿದರು. ನಮ್ಮೂರಿನಲ್ಲೇ, ಹಿಂದೆ ನಿಶಾತ್ ಬಾಗ್ ಎನಿಸಿದ್ದ ಕುಪ್ಪಣ್ಣ ಉದ್ಯಾನದ ಗಾಜಿನ ಮನೆಯನ್ನು ದಸರಾ ಫಲಪುಷ್ಪ ಪ್ರದರ್ಶನಕ್ಕೆ ಹೋದವರೆಲ್ಲ ನೋಡಿರುತ್ತೀರಿ. ನಮ್ಮ ಎರಡಡಿ ಪೆಟ್ಟಿಗೆ ಆ ಗಾಜಿನ ಮನೆಗಳ ಬಡ ತಂಗಿ ಎನ್ನಬಹುದು.

ನೆಟ್ಟ ಗಿಡದಿಂದ ಮನುಷ್ಯ ತಿನ್ನಲಿ, ಹಕ್ಕಿ ತಿನ್ನಲಿ, ಪ್ರಾಣಿ ತಿನ್ನಲಿ, ನೆಟ್ಟವರಿಗೆ ಅದು ದಾನವಾಗಿ ದಾಖಲಾಗುತ್ತದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಕ್ಟೋಬರ್‌ನ ಅಳಿಲನ್ನು ನಾನು ಕ್ಷಮಿಸಿದ್ದು ಈ ಹದೀಸ್ ನೆನಪಾದ ಮೇಲೆ!

ಆ ಒಂಬತ್ತು

ಉಳಿದ ಒಂಬತ್ತು ಸಸಿಗಳಲ್ಲಿ ಎರಡು ನಾಟಿಯ ನಂತರ ಹೋದವು. ಏಳು ಬೆಳೆದವು. ಎರಡು ತಿಂಗಳು ಕಳೆದು ಮೊದಲ ಕಾಯಿ ಬಿಟ್ಟಾಗ ಮನೆಯವರು ಎಣ್ಣೆಗಾಯಿ ಮಾಡಲು ಕೇಳಿದರು. ನಾನು ಕೊಡಲಿಲ್ಲ. ಒಳ್ಳೆಯ ಗಿಡವೊಂದರ ಮೂರು ಕಾಯಿಗೆ ನೂಲು ಕಟ್ಟಿ, ಪೂರ್ತಿ ಹಳದಿಯಾಗಲು ಬಿಟ್ಟೆ. ಹಣ್ಣಾದ ಮೇಲೆ ಬೀಜ ಹಿಂಡಿ, ತೊಳೆದು, ಮುಳುಗಿದ್ದನ್ನು ಮಾತ್ರ ಆರಿಸಿ ನೆರಳಿನಲ್ಲಿ ಒಣಗಿಸಿ, ಅತ್ತೆಯವರಂತೆಯೇ ಬೂದಿಯಲ್ಲಿ ಬೆರೆಸಿದೆ. ಎಣ್ಣೆಗಾಯಿ ನಂತರದ ಕಾಯಿಗಳಲ್ಲಾಯಿತು.

ಈ ಸಲ ಬೀಜವನ್ನು ಒಂದೇ ಸೀಸೆಯಲ್ಲಿಡಲಿಲ್ಲ. ನಾದಿನಿಯ ಮನೆಗೆ ಒಂದು ಪಾಲು, ಪಕ್ಕದ ಮನೆಯ ಶಾಂತಮ್ಮನಂಥ ಹಿರಿಯರೊಬ್ಬರಿಗೆ ಒಂದು ಪಾಲು, ನನ್ನ ಶಾಲೆಯ ಕೈತೋಟಕ್ಕೆ ಒಂದು ಪಾಲು. ಬೀಜ ಹಂಚಿದರೆ ಉಳಿಯುತ್ತದೆ, ಬಚ್ಚಿಟ್ಟರೆ ಸಾಯುತ್ತದೆ ಎಂದು ಅತ್ತೆಯವರು ಹೇಳುತ್ತಿದ್ದರು. ಕೊನೆಯ ವರ್ಷಗಳಲ್ಲಿ ಹಂಚಲು ಅವರ ಬಳಿ ಶಕ್ತಿ ಇರಲಿಲ್ಲ, ಕೇಳಲು ನಮಗೆ ಬಿಡುವಿರಲಿಲ್ಲ.

ಕಳೆದ ಜೂನ್‌ನಲ್ಲಿ ಮಗಳು ಕಾಲೇಜಿಗೆ ಸೇರಿ ಮೊದಲ ಬಾರಿ ಒಬ್ಬಳೇ ಬಸ್ ಹತ್ತಬೇಕಾಯಿತು. ನನಗೆ ಹಿಂದಿನ ರಾತ್ರಿ ನಿದ್ದೆಯಿಲ್ಲ. ಜೊತೆಗೆ ಯಾರನ್ನು ಕಳಿಸಲಿ, ಇಲ್ಲೇ ಹತ್ತಿರದ ಕಾಲೇಜಿಗೆ ಸೇರಿಸಬಹುದಿತ್ತಲ್ಲ ಎಂಬ ಯೋಚನೆ. ಬೆಳಿಗ್ಗೆ ತಾರಸಿಗೆ ಹೋದಾಗ ಪೆಟ್ಟಿಗೆಯ ಪಕ್ಕದಲ್ಲಿ ಆ ಇಟ್ಟಿಗೆ ಬಿದ್ದಿತ್ತು. ಮೊದಲ ವಾರ ಅವಳೊಂದಿಗೆ ನಾನೇ ಹೋದೆ. ಎರಡನೆಯ ವಾರ ಬಸ್ ನಿಲ್ದಾಣದವರೆಗೆ ಮಾತ್ರ. ಈಗ ಬಾಗಿಲಲ್ಲಿ ನಿಂತು ದುಆ ಮಾಡಿ ಕಳಿಸುತ್ತೇನೆ.